ರಾಜರಾಜ ಚೋಳನ ಜಮಾ-ಖರ್ಚು

ತಮಿಳು ದೇಶದ ಒಬ್ಬ ರಾಜನ ಬಗ್ಗೆ ಕನ್ನಡ ಸಂಘದ ಪತ್ರಿಕೆಯಲ್ಲಿ ಯಾಕೆ ಬರೀಬೇಕು ಅಂತ ಕೆಲವು ಮಿತ್ರರು ಕೇಳಬಹುದು. ನನ್ನ ಬಳಿ ಎರಡು ಕಾರಣಗಳಿವೆ. ಮೊದಲನೆಯದು, ನಾವೆಲ್ಲ ಓದುತ್ತಿರುವುದು ಚೆನ್ನೈಯಲ್ಲಿ. ಇಲ್ಲಿ ರಾಜರಾಜ ಚೋಳನ ಹೆಸರು ಕಿವಿಗೆ ಬೀಳದೆ ಒಂದು ವಾರ ಕಳೆಯುವುದು ಕಷ್ಟ. ಕಲ್ಕಿಯವರು 1950ರ ದಶಕದಲ್ಲಿ ಧಾರಾವಾಹಿಯಾಗಿ ಬರೆದ 'ಪೊನ್ನಿಯಿನ್ ಸೆಲ್ವನ್' ಕಾದಂಬರಿ ತಮಿಳರ ಮನೆಮನೆಗೂ ಗೊತ್ತು. ಅದೇ ಕಥೆ 2022ರಲ್ಲಿ ಮತ್ತು 2023ರಲ್ಲಿ ಎರಡು ಭಾಗಗಳ ಸಿನಿಮಾ ಆಗಿ ಬಂದ ಮೇಲಂತೂ ಹೇಳುವುದೇ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮಗೆ ಮಾತ್ರ ಚೋಳರು ಅಂದರೆ ವಿಷ್ಣುವರ್ಧನ ತಲಕಾಡಿನಿಂದ ಓಡಿಸಿದ ಶತ್ರುಗಳು, ಅಷ್ಟೇ. ಒಂದೇ ಕ್ಲಾಸಿನ ಬೆಂಚಿನ ಮೇಲೆ ಕುಳಿತ ಇಬ್ಬರಿಗೆ ಒಬ್ಬನೇ ರಾಜ ಎರಡು ಥರ ಕಾಣುತ್ತಾನೆ.

ಎರಡನೆಯ ಕಾರಣ, ನಾನು ಬಿ.ಕಾಂ. ವಿದ್ಯಾರ್ಥಿ. ಹಳೆಯ ರಾಜರು ಬಿಟ್ಟುಹೋದದ್ದು ಸಾಮಾನ್ಯವಾಗಿ ಹೊಗಳಿಕೆಯ ಪದ್ಯಗಳನ್ನು. ರಾಜರಾಜ ಅದರ ಜೊತೆಗೆ ಲೆಕ್ಕವನ್ನೂ ಬಿಟ್ಟುಹೋಗಿದ್ದಾನೆ. ತಂಜಾವೂರಿನ ದೊಡ್ಡ ದೇವಾಲಯದ ಅಧಿಷ್ಠಾನದ ಸುತ್ತಲೂ, ಕಂಬಗಳ ಮೇಲೂ ತಮಿಳು ಅಕ್ಷರಗಳಲ್ಲಿ ಕೆತ್ತಿರುವುದು ಬಹುಪಾಲು ಲೆಕ್ಕಪತ್ರವೇ: ಯಾರು ಏನು ಕೊಟ್ಟರು, ಎಷ್ಟು ತೂಕ, ಯಾರಿಗೆ ಸಾಲ ಹೋಯಿತು, ಬಡ್ಡಿ ಎಷ್ಟು, ಅದರಲ್ಲಿ ಯಾವ ಖರ್ಚು. ಇಷ್ಟು ವಿವರವಾದ ಲೆಡ್ಜರು ಸಾವಿರ ವರ್ಷದ ಹಿಂದಿನದು ನಮ್ಮ ಕೈಗೆ ಸಿಗುವುದು ಅಪರೂಪ. ಆದ್ದರಿಂದ ಈ ರಾಜನ ಜೀವನವನ್ನು ಕಾಮರ್ಸ್ ಹುಡುಗನೊಬ್ಬ ಓದಿದರೆ ಹೇಗಿರುತ್ತದೆ ಅಂತ ನೋಡೋಣ.

ಅವನ ಹುಟ್ಟುಹೆಸರು ಅರುಳ್ಮೊಳಿವರ್ಮ. ತಂದೆ ಎರಡನೆಯ ಪರಾಂತಕ, ಜನರ ಬಾಯಲ್ಲಿ ಸುಂದರ ಚೋಳ. ತಾಯಿ ವಾನವನ್ ಮಹಾದೇವಿ. ಅಣ್ಣ ಆದಿತ್ಯ ಕರಿಕಾಲ, ಅಕ್ಕ ಕುಂದವೈ. ಸಿಂಹಾಸನ ಇವನಿಗೆ ಸಲ್ಲಬೇಕಾದ್ದೇ ಅಲ್ಲ, ಅಣ್ಣನಿಗೆ ಸಲ್ಲಬೇಕಾದ್ದು. ಆದರೆ ಅಣ್ಣ ಕೊಲೆಯಾದ. ಆ ದುಃಖದ ಹಿಂದೆಯೇ ತಂದೆಯೂ ತೀರಿಕೊಂಡ. ರಾಜ್ಯಕ್ಕೆ ಇವನೇ ಬರಲಿ ಎಂದು ಜನ ಬಯಸಿದರೂ, ಸಂಬಂಧದಲ್ಲಿ ಚಿಕ್ಕಪ್ಪನಾದ ಉತ್ತಮ ಚೋಳನಿಗೆ ಆಸೆಯಿದೆ ಎಂದು ತಿಳಿದು ಇವನು ಹಿಂದೆ ಸರಿದ ಎಂದು ಮುಂದೆ ಇವನ ಮಗನ ಕಾಲದ ತಿರುವಾಲಂಗಾಡು ತಾಮ್ರಶಾಸನ ಹೇಳುತ್ತದೆ. ಮಗನ ಆಸ್ಥಾನದವರು ಬರೆಸಿದ ಮಾತು, ಆದ್ದರಿಂದ ಸ್ವಲ್ಪ ರಿಯಾಯಿತಿ ಕಳೆದು ನಂಬಬೇಕು. ಏನೇ ಆಗಲಿ, ಉತ್ತಮ ಚೋಳನ ಕಾಲ ಮುಗಿಯುವವರೆಗೆ ಕಾದು, 985ರಲ್ಲಿ ಇವನು ಪಟ್ಟಕ್ಕೆ ಬಂದ. ರಾಜರಾಜ ಎಂಬುದು ಆಮೇಲೆ ಬಂದ ಬಿರುದು.

ಪಟ್ಟಕ್ಕೆ ಬಂದ ಎರಡನೆಯ ವರ್ಷದಲ್ಲೇ ಹಳೆಯ ಲೆಕ್ಕವೊಂದನ್ನು ತೆಗೆದ. ಉಡೈಯಾರ್‌ಗುಡಿಯ ಶಾಸನದಲ್ಲಿ, ಅಣ್ಣನನ್ನು ಕೊಂದ ದ್ರೋಹಿಗಳೆಂದು ಕೆಲವು ಬ್ರಾಹ್ಮಣ ಅಧಿಕಾರಿಗಳ ಹೆಸರು ಹೇಳಿ, ಅವರ ಮತ್ತು ಅವರ ಬಂಧುಗಳ ಆಸ್ತಿ ಮುಟ್ಟುಗೋಲಾದ ಸಂಗತಿ ಬರುತ್ತದೆ. ಅಷ್ಟು ವರ್ಷ ಉತ್ತಮ ಚೋಳ ಈ ವಿಷಯದಲ್ಲಿ ಯಾಕೆ ಸುಮ್ಮನಿದ್ದ ಅನ್ನುವುದರ ಮೇಲೆ ತಮಿಳಿನಲ್ಲಿ ಎಷ್ಟೋ ಕಥೆಗಳು ಹುಟ್ಟಿವೆ. ಕಥೆಗಳು ಕಾದಂಬರಿಕಾರರಿಗೆ ಇರಲಿ. ನನಗೆ ಕಂಡದ್ದು ಇಷ್ಟು: ಈ ಮನುಷ್ಯ ಕಾಯಬಲ್ಲವನು, ಆದರೆ ಬಾಕಿಯನ್ನು ಮರೆಯುವವನಲ್ಲ.

ಮುಂದಿನ ಮೂವತ್ತು ವರ್ಷ ಯುದ್ಧದ ಮೇಲೆ ಯುದ್ಧ. ಕೇರಳ ಕರಾವಳಿಯ ಕಾಂದಳೂರು ಸಾಲೈಯ ಮೇಲಿನ ಗೆಲುವು ಅವನ ಶಾಸನಗಳಲ್ಲಿ ಮೊದಲು ಬರುತ್ತದೆ. ಪಾಂಡ್ಯರು ಸೋತರು, ಚೇರರು ಸೋತರು. ಸಿಂಹಳದ ಐದನೆಯ ಮಹಿಂದನ ಕಾಲದಲ್ಲಿ ಚೋಳಸೈನ್ಯ ಸಮುದ್ರ ದಾಟಿತು, ಅನುರಾಧಪುರ ಹಾಳಾಯಿತು, ಪೊಲನ್ನರುವ ಚೋಳರ ಕೇಂದ್ರವಾಯಿತು. ಪೂರ್ವದಲ್ಲಿ ವೇಂಗಿ, ಕೊನೆಗೆ ಸಮುದ್ರದ ನಡುವಿನ ದ್ವೀಪಗಳು, ಅಂದರೆ ಮಾಲ್ಡೀವ್ಸ್. ಇವನ್ನು ಭೂಪಟದ ಮೇಲೆ ಒಂದೊಂದಾಗಿ ಗುರುತು ಹಾಕಿ ನೋಡಿ. ಪಶ್ಚಿಮಕ್ಕೆ ಕೊಲ್ಲಂ, ದಕ್ಷಿಣಕ್ಕೆ ಪಾಂಡ್ಯರ ಮುತ್ತಿನ ಕರಾವಳಿ, ಆಚೆಗೆ ಸಿಂಹಳದ ಮಹಾತಿತ್ಥ ಬಂದರು, ಈಚೆಗೆ ನಾಗಪಟ್ಟಣ. ಅರಬ್ಬೀ ಕಡೆಯಿಂದ ಹೊರಟ ಹಡಗು ಚೀನಾದ ಕಡೆಗೆ ಹೋಗಬೇಕಾದರೆ ಈ ಸಾಲನ್ನು ತಪ್ಪಿಸಿ ಹೋಗುವುದು ಸುಲಭವಿರಲಿಲ್ಲ. ಅವನು ಗೆದ್ದದ್ದು ಬರೀ ನೆಲವನ್ನಲ್ಲ, ದಾರಿಯನ್ನು.

ಇನ್ನು ನಮ್ಮ ಕಡೆಯ ವಿಷಯ. ಸುಮಾರು 1004ರ ಹೊತ್ತಿಗೆ ಚೋಳರು ಗಂಗರ ತಲಕಾಡನ್ನು ಹಿಡಿದರು. ಗಂಗವಾಡಿ, ನೊಳಂಬವಾಡಿ ಎರಡೂ ಅವರ ಕೈಗೆ ಹೋದವು. ಪಣಸೋಗೆಯ ಯುದ್ಧದಲ್ಲಿ ಚೋಳರ ಪರವಾಗಿ ಶೌರ್ಯ ತೋರಿದ ಮನಿಜ ಎಂಬವನಿಗೆ ಮಾಲಂಬಿಯನ್ನೂ ಕ್ಷತ್ರಿಯಶಿಖಾಮಣಿ ಕೊಂಗಾಳ್ವ ಎಂಬ ಬಿರುದನ್ನೂ ರಾಜರಾಜ ಕೊಡಿಸಿದ. ಕೊಡಗು ಮತ್ತು ಹಾಸನದ ಗಡಿಯಲ್ಲಿ ಆಳಿದ ಕೊಂಗಾಳ್ವರ ವಂಶ ಶುರುವಾದದ್ದು ಹೀಗೆ. 1116ರಲ್ಲಿ ವಿಷ್ಣುವರ್ಧನ ತಲಕಾಡನ್ನು ಬಿಡಿಸಿಕೊಳ್ಳುವವರೆಗೆ, ನೂರು ವರ್ಷಕ್ಕೂ ಮೇಲೆ, ದಕ್ಷಿಣ ಕರ್ನಾಟಕದ ದೊಡ್ಡ ಭಾಗ ಚೋಳರ ಅಧೀನದಲ್ಲಿತ್ತು.

ಉತ್ತರದಲ್ಲಿ ಕಲ್ಯಾಣದ ಚಾಲುಕ್ಯರ ಜೊತೆ ನಡೆದ ಯುದ್ಧ ಇನ್ನೂ ಭೀಕರವಾದದ್ದು. ಆಗ ಅಲ್ಲಿ ಇದ್ದವನು ಇರಿವಬೆಡಂಗ ಸತ್ಯಾಶ್ರಯ. ರನ್ನ ತನ್ನ ಗದಾಯುದ್ಧದಲ್ಲಿ ಭೀಮನಿಗೆ ಹೋಲಿಸಿ ಕೊಂಡಾಡಿದ್ದು ಇವನನ್ನೇ. ಧಾರವಾಡ ಸೀಮೆಯ ಹೊಟ್ಟೂರಿನ ಒಂದು ಕನ್ನಡ ಶಾಸನ 1007ರ ಸುಮಾರಿನದು. ಚೋಳರು ಒಂಬತ್ತು ಲಕ್ಷ ಸೈನ್ಯದೊಂದಿಗೆ ಬಿಜಾಪುರ ಸೀಮೆಯ ದೋಣೂರಿನವರೆಗೆ ಬಂದು ನಾಡನ್ನು ಸೂರೆ ಮಾಡಿದರೆಂದೂ, ಹೆಂಗಸರು, ಮಕ್ಕಳು, ಬ್ರಾಹ್ಮಣರು ಎನ್ನದೆ ಕೊಂದರೆಂದೂ, ಕೊನೆಗೆ ಸತ್ಯಾಶ್ರಯ ಅವರನ್ನು ಹಿಮ್ಮೆಟ್ಟಿಸಿದನೆಂದೂ ಅದು ಹೇಳುತ್ತದೆ. ಈ ಸೈನ್ಯದ ನಾಯಕ ರಾಜರಾಜನ ಮಗ ರಾಜೇಂದ್ರ. ಒಂಬತ್ತು ಲಕ್ಷ ಅನ್ನುವುದು ಸೋತು ಗೆದ್ದವರ ಕೋಪದ ಸಂಖ್ಯೆ ಇರಬಹುದು. ಊರುಗಳು ಸುಲಿಗೆಯಾದವು ಅನ್ನುವುದರಲ್ಲಿ ಅನುಮಾನವಿಲ್ಲ. ಯಾಕೆ ಅಂದರೆ ಆ ಸುಲಿಗೆಯ ರಶೀದಿ ಇನ್ನೊಂದು ಕಡೆ ಸಿಗುತ್ತದೆ. ಅದನ್ನು ಮುಂದೆ ನೋಡೋಣ.

ಯುದ್ಧದ ದುಡ್ಡು ಒಮ್ಮೆ ಬರುತ್ತದೆ, ಖರ್ಚಾಗುತ್ತದೆ. ರಾಜ್ಯ ನಡೆಯಬೇಕಾದರೆ ವರ್ಷವರ್ಷವೂ ಬರುವ ಆದಾಯ ಬೇಕು. 1001ರ ಹೊತ್ತಿಗೆ ರಾಜರಾಜ ನಾಡಿನ ಭೂಮಿಯನ್ನೆಲ್ಲ ಅಳೆಸಿದ. ವೇಲಿ ಎಂಬ ಅಳತೆಯನ್ನು ಒಡೆದು, ಮತ್ತೆ ಒಡೆದು, ಬಹಳ ಸಣ್ಣ ಭಿನ್ನರಾಶಿಯವರೆಗೆ ಲೆಕ್ಕ ಬರೆದರು. ಅಳತೆಯಾದ ಮೇಲೆ ಕಂದಾಯ ತಪ್ಪಿಸಿಕೊಳ್ಳುವುದು ಕಷ್ಟವಾಯಿತು. ಉಕ್ಕಲ್ ಎಂಬ ಊರಿನ ಶಾಸನ ಅವನ 24ನೆಯ ವರ್ಷದ್ದು. 16ನೆಯ ವರ್ಷದಿಂದ 23ನೆಯ ವರ್ಷದವರೆಗೆ ಕಂದಾಯ ಕಟ್ಟದವರ ಜಮೀನನ್ನು ಊರಿನವರೇ ವಶಪಡಿಸಿಕೊಂಡು ಮಾರಬಹುದು, ಇನ್ನು ಮುಂದೆ ಎರಡು ವರ್ಷ ಪೂರ್ತಿ ಬಾಕಿ ಉಳಿಸಿಕೊಂಡವರಿಗೂ ಇದೇ ಗತಿ ಎಂಬ ಆಜ್ಞೆ ಅದರಲ್ಲಿದೆ. ಇದು ಅನ್ವಯಿಸಿದ್ದು ಬ್ರಾಹ್ಮಣರ, ವೈಖಾನಸರ, ಶ್ರಮಣರ ಊರುಗಳ ಜಮೀನುದಾರರಿಗೆ. ಅಂದರೆ ಧರ್ಮದ ಹೆಸರಿದ್ದ ಊರಾದರೂ ವಿನಾಯಿತಿ ಇಲ್ಲ. ದೇವರ ಭಕ್ತನೇ ಆದರೂ ವಸೂಲಿಯಲ್ಲಿ ರಾಜ ಕಟ್ಟುನಿಟ್ಟು.

ಈಗ ದೇವಾಲಯಕ್ಕೆ ಬರೋಣ. ರಾಜರಾಜೇಶ್ವರಂ ಅಂತ ತನ್ನ ಹೆಸರನ್ನೇ ಇಟ್ಟು ಕಟ್ಟಿಸಿದ ಗುಡಿ. ವಿಮಾನದ ಎತ್ತರ 200 ಅಡಿಗೆ ಸಮೀಪ ಅಥವಾ ಅದಕ್ಕೂ ಮೀರಿ ಎಂದು ಹೇಳುತ್ತಾರೆ. ಸುತ್ತಮುತ್ತ ಬಂಡೆಯೇ ಇಲ್ಲದ ಕಾವೇರಿಯ ಗದ್ದೆ ಬಯಲಿಗೆ ಅಷ್ಟು ಗ್ರಾನೈಟ್ ಕಲ್ಲನ್ನು ದೂರದಿಂದ ತರಿಸಿದರು. 1010ರಲ್ಲಿ, ಅವನ ಆಳ್ವಿಕೆಯ 25ನೆಯ ವರ್ಷದ 275ನೆಯ ದಿನ, ಶಿಖರದ ಮೇಲಿಡುವ ಕಲಶವನ್ನು ರಾಜನೇ ಒಪ್ಪಿಸಿದ. ತಾನು ಕೊಟ್ಟದ್ದು, ಅಕ್ಕ ಕೊಟ್ಟದ್ದು, ತನ್ನ ರಾಣಿಯರು ಕೊಟ್ಟದ್ದು, ಬೇರೆಯವರು ಕೊಟ್ಟದ್ದು ಎಲ್ಲವನ್ನೂ ಕಲ್ಲಿನ ಮೇಲೆ ಕೆತ್ತಿ ಎಂದು ಅವನು ಅಪ್ಪಣೆ ಮಾಡಿದ. ತನ್ನ ಹೆಸರಿನ ಹಿಂದೆಯೇ ಅಕ್ಕ ಕುಂದವೈಯ ಹೆಸರು ಬರುವಂತೆ ನೋಡಿಕೊಂಡದ್ದು ನನಗೆ ಇಷ್ಟವಾಯಿತು. ಅವಳೂ ತನ್ನ ತಂದೆತಾಯಿಯ ವಿಗ್ರಹಗಳನ್ನು ಮಾಡಿಸಿ ಅಲ್ಲಿ ಇಟ್ಟಿದ್ದಾಳೆ.

ಕ್ರೆಡಿಟ್ ಕಡೆ ಮೊದಲು ನೋಡೋಣ. ಇತಿಹಾಸಕಾರ ಕೆ.ಎ. ನೀಲಕಂಠ ಶಾಸ್ತ್ರಿಗಳು ಆ ಶಾಸನಗಳನ್ನೆಲ್ಲ ಕೂಡಿಸಿ ಕೊಟ್ಟ ಲೆಕ್ಕದ ಪ್ರಕಾರ, 29ನೆಯ ವರ್ಷದ ಹೊತ್ತಿಗೆ ರಾಜ ಕೊಟ್ಟಿದ್ದ ಚಿನ್ನ ಸುಮಾರು 41,500 ಕಳಂಜು, ಬೆಳ್ಳಿ ಸುಮಾರು 50,650 ಕಳಂಜು. ಗುಡಿಗೆ ಬಿಟ್ಟ ಊರುಗಳಿಂದ ವರ್ಷಕ್ಕೆ ಸುಮಾರು 1,16,000 ಕಲಂ ಭತ್ತ. ಆ ಊರುಗಳು ಚೋಳನಾಡಿನಲ್ಲಿ ಮಾತ್ರವಲ್ಲ, ಗೆದ್ದ ನಾಡುಗಳಲ್ಲೂ, ಸಮುದ್ರದಾಚೆಯ ಸಿಂಹಳದಲ್ಲೂ ಇದ್ದವು. ಚಿನ್ನ ಎಲ್ಲಿಂದ ಬಂತು? ಶಾಸನ ಮುಚ್ಚಿಡುವುದಿಲ್ಲ. ಚೇರರನ್ನೂ ಪಾಂಡ್ಯರನ್ನೂ ಸೋಲಿಸಿ ತಂದ ಭಂಡಾರದಿಂದ ಇಂಥಿಂಥ ಒಡವೆ, ಇಂಥಿಂಥ ಪಾತ್ರೆ ಎಂದು ಹೇಳುತ್ತದೆ. ಸತ್ಯಾಶ್ರಯನನ್ನು ಗೆದ್ದು ಬಂದ ಮೇಲೆ ಒಪ್ಪಿಸಿದ ಚಿನ್ನದ ಹೂಗಳೂ ಅಲ್ಲಿವೆ. ನಾನು ಮೇಲೆ ಹೇಳಿದ ರಶೀದಿ ಇದೇ. ಹೊಟ್ಟೂರಿನ ಕಲ್ಲು ಹೋಯಿತು ಅನ್ನುವುದು, ತಂಜಾವೂರಿನ ಕಲ್ಲು ಬಂತು ಅನ್ನುತ್ತದೆ.

ಬಂದ ಸಂಪತ್ತು ಎಲ್ಲವೂ ಪೆಟ್ಟಿಗೆಯಲ್ಲಿ ಕೂರಲಿಲ್ಲ. ನಗದು ಹೊರಗೆ ದುಡಿಯಲು ಹೋಯಿತು. ಒಂದು ಉದಾಹರಣೆ ಕೊಡುತ್ತೇನೆ, ಬೇಕಾದರೆ ಪೆನ್ಸಿಲ್ ಹಿಡಿದು ತಾಳೆ ನೋಡಿ. ಅಲ್ಲಿಯ ಗಣಪತಿಗೆ ದಿನಕ್ಕೆ 150 ಬಾಳೆಹಣ್ಣಿನ ನೈವೇದ್ಯ. 360 ದಿನದ ವರ್ಷಕ್ಕೆ 54,000 ಹಣ್ಣು. ಒಂದು ಕಾಸಿಗೆ 1,200 ಹಣ್ಣು ಎಂಬ ದರದಲ್ಲಿ ವರ್ಷಕ್ಕೆ 45 ಕಾಸು ಬೇಕು. ಇದಕ್ಕಾಗಿ ತಂಜಾವೂರಿನ ಅಂಗಡಿಬೀದಿಗಳ ವರ್ತಕರಲ್ಲಿ 360 ಕಾಸನ್ನು ಇಟ್ಟರು. ಕಾಸಿಗೆ ವರ್ಷಕ್ಕೆ ಎಂಟನೇ ಒಂದು ಕಾಸು ಬಡ್ಡಿ, ಅಂದರೆ ನೂರಕ್ಕೆ ಹನ್ನೆರಡೂವರೆ. 360ಕ್ಕೆ ಸರಿಯಾಗಿ 45. ಒಂದು ಹಣ್ಣೂ ಹೆಚ್ಚಿಲ್ಲ, ಒಂದು ಹಣ್ಣೂ ಕಡಿಮೆಯಿಲ್ಲ! ಅಸಲು ವರ್ತಕರ ವ್ಯಾಪಾರದಲ್ಲಿ ತಿರುಗುತ್ತಿರುತ್ತದೆ, ಬಡ್ಡಿ ಗಣಪತಿಯ ಹೊಟ್ಟೆಗೆ ಸೇರುತ್ತದೆ. ದೇವರ ಅಭಿಷೇಕದ ನೀರಿಗೆ ಹಾಕುವ ಏಲಕ್ಕಿ, ಸಂಪಿಗೆ ಮೊಗ್ಗು, ಲಾವಂಚದ ಬೇರು ಇವಕ್ಕೂ ಇದೇ ಏರ್ಪಾಡು. ಏಲಕ್ಕಿ ಬೆಳೆಯುವುದು ಪಶ್ಚಿಮಘಟ್ಟದಲ್ಲಿ, ತಂಜಾವೂರಿನ ಗದ್ದೆಯಲ್ಲಲ್ಲ. ಗುಡಿಯ ಪೂಜೆ ದಿನವೂ ನಡೆಯಬೇಕಾದರೆ ವರ್ತಕರ ಗಾಡಿ ದಿನವೂ ನಡೆಯಲೇಬೇಕು.

ದೀಪದ ಲೆಕ್ಕ ಇನ್ನೂ ಚೆನ್ನಾಗಿದೆ. ಒಂದು ನಂದಾದೀಪಕ್ಕೆ ದಿನಕ್ಕೆ ಒಂದು ಉಳಕ್ಕು ತುಪ್ಪ. ಅದಕ್ಕಾಗಿ ಕುರುಬರಿಗೆ 96 ಕುರಿಗಳನ್ನು ವಹಿಸಿಕೊಡುತ್ತಿದ್ದರು. ಕುರಿ ಬದಲು 48 ಹಸು ಅಥವಾ 16 ಎಮ್ಮೆ ಆದರೂ ಸರಿ. ಆ ಕುರಿಗಳು ಸಾಯುವುದೂ ಇಲ್ಲ, ಮುದಿಯಾಗುವುದೂ ಇಲ್ಲ ಎಂದು ಶಾಸನಗಳಲ್ಲಿ ಹೆಸರು. ಅಂದರೆ ಹಳೆಯದು ಸತ್ತರೆ ಮರಿಗಳಿಂದ ಸಂಖ್ಯೆ ತುಂಬಿಸಬೇಕು, ಕಾಗದದ ಮೇಲೆ ಯಾವಾಗಲೂ 96. ಮೂಲಧನ ಕರಗಬಾರದು ಎಂದು ನಮಗೆ ಕ್ಲಾಸಿನಲ್ಲಿ ಹೇಳಿಕೊಡುವ ತತ್ವವನ್ನು ಆ ಕುರುಬರು ಬಡಿಗೆ ಹಿಡಿದು ಪಾಲಿಸುತ್ತಿದ್ದರು. ಬರಗಾಲ ಬಂದು ಕುರಿ ಸತ್ತರೂ ತುಪ್ಪದ ಬಾಕಿ ನಿಲ್ಲುವುದಿಲ್ಲ ಅನ್ನುವುದು ಇದೇ ಮಾತಿನ ಇನ್ನೊಂದು ಮುಖ.

ದೊಡ್ಡ ಸಾಲಗಳು ಹೋದದ್ದು ಕಾವೇರಿ ಬಯಲಿನ ಗ್ರಾಮಸಭೆಗಳಿಗೆ. ಅಲ್ಲೂ ಅದೇ ಎಂಟನೇ ಒಂದು. ಇದರಲ್ಲಿ ಒಂದು ವಿಶೇಷವಿದೆ. ಈ ಸಾಲಕ್ಕೆ ವಾಯಿದೆ ಇಲ್ಲ. ಸೂರ್ಯಚಂದ್ರರಿರುವವರೆಗೆ ಬಡ್ಡಿ ಕಟ್ಟುತ್ತಿರಬೇಕು. ಎಂಟು ವರ್ಷಕ್ಕೆ ಅಸಲಿನಷ್ಟೇ ಮೊತ್ತ ಬಡ್ಡಿಯಾಗಿ ಹೋಗುತ್ತದೆ, ಆಮೇಲೂ ಕಟ್ಟುವುದು ತಪ್ಪದು. ಊರಿನವರು ಆ ಹಣದಲ್ಲಿ ಕಾಲುವೆ ತೋಡಿ, ಪಾಳುಭೂಮಿ ಹಸನು ಮಾಡಿಕೊಂಡರೆ ಇಬ್ಬರಿಗೂ ಲಾಭ. ಇಲ್ಲವಾದರೆ ಮೊಮ್ಮಕ್ಕಳ ತಲೆಯ ಮೇಲೂ ಹೊರೆ. ಜಾರ್ಜ್ ಸ್ಪೆನ್ಸರ್ ಎಂಬ ವಿದ್ವಾಂಸರು 1968ರಲ್ಲಿ ಈ ಸಾಲಗಳನ್ನು ಅಭ್ಯಾಸ ಮಾಡಿ, ದೂರದ ಊರುಗಳನ್ನು ರಾಜನ ಗುಡಿಗೆ ಕಟ್ಟಿಹಾಕುವ ಹಗ್ಗವೂ ಇದೇ ಎಂಬ ಅರ್ಥದಲ್ಲಿ ವಿವರಿಸಿದರು. ನನಗೂ ಅದು ಸರಿ ಅನ್ನಿಸುತ್ತದೆ. ಸೈನಿಕನನ್ನು ಪ್ರತಿ ಊರಿಗೂ ಕಳಿಸಲು ಆಗುವುದಿಲ್ಲ. ಸಾಲಪತ್ರವನ್ನು ಕಳಿಸಬಹುದು.

ಇದೇ ಗೋಡೆಗಳ ಮೇಲೆ ಓದಿ ಸುಮ್ಮನಾಗುವ ಒಂದು ಪಟ್ಟಿಯೂ ಇದೆ. ಗುಡಿಯ ಸೇವೆಗೆ ಬೇರೆಬೇರೆ ಊರುಗಳ ದೇವಾಲಯಗಳಿಂದ 400 ಜನ ನರ್ತಕಿಯರನ್ನು ತಂಜಾವೂರಿಗೆ ತಂದರು. ಒಬ್ಬೊಬ್ಬಳ ಹೆಸರು, ಅವಳು ಯಾವ ಊರಿನ ಯಾವ ಗುಡಿಯಿಂದ ಬಂದವಳು, ಯಾವ ಬೀದಿಯ ಎಷ್ಟನೆಯ ಮನೆ ಎಲ್ಲವೂ ಬರೆದಿದೆ. ಒಬ್ಬೊಬ್ಬಳಿಗೆ ಒಂದು ಮನೆ, ವರ್ಷಕ್ಕೆ ಒಂದು ಪಾಲು, ಅಂದರೆ 100 ಕಲಂ ಭತ್ತ. ನಟ್ಟುವರಿಗೆ ಎರಡು ಪಾಲು. ಸಂಗೀತಗಾರರು, ಮದ್ದಳೆಯವರು, ಲೆಕ್ಕಿಗರು, ಕುಂಬಾರರು, ಅಗಸರು, ಕ್ಷೌರಿಕರು, ದರ್ಜಿಗಳು, ಬಡಗಿಗಳು ಎಲ್ಲರಿಗೂ ಪಾಲುಂಟು. 400 ಹೆಂಗಸರಿಗೇ 40,000 ಕಲಂ ಆಯಿತು. ಮೇಲೆ ಹೇಳಿದ ಭತ್ತದ ಆದಾಯದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಕೆಲಸ ಖಾಯಂ, ಸತ್ತರೆ ಹತ್ತಿರದ ಸಂಬಂಧಿಗೆ ಅದೇ ಪಾಲು. ಇಂದಿನ ಎಷ್ಟೋ ಉದ್ಯೋಗಗಳಿಗಿಂತ ವಾಸಿ ಅನ್ನಿಸೀತು. ಆದರೆ ತಮ್ಮ ಊರು ಬಿಟ್ಟು ಬರಲು ಅವರಿಗೆ ಮನಸ್ಸಿತ್ತೇ ಎಂದು ಬರೆಯುವುದಕ್ಕೆ ಲೆಡ್ಜರಿನಲ್ಲಿ ಕಾಲಂ ಇರುವುದಿಲ್ಲ.

ಶಿವಭಕ್ತನಾದ ಈ ರಾಜ ವ್ಯಾಪಾರದ ವಿಷಯ ಬಂದಾಗ ಬೇರೆ ಮತದವರಿಗೂ ಬಾಗಿಲು ತೆರೆದ. ಸುಮಾತ್ರಾ ಕಡೆಯ ಶ್ರೀವಿಜಯದ ಶೈಲೇಂದ್ರ ರಾಜ ನಾಗಪಟ್ಟಣದಲ್ಲಿ ಒಂದು ಬೌದ್ಧ ವಿಹಾರ ಕಟ್ಟಿಸಿದಾಗ, 1006ರ ಸುಮಾರಿಗೆ ರಾಜರಾಜ ಅದಕ್ಕೆ ಆನೈಮಂಗಲ ಎಂಬ ಊರಿನ ಆದಾಯವನ್ನು ಬಿಟ್ಟುಕೊಟ್ಟ. ಲೈಡನ್ ತಾಮ್ರಶಾಸನವೆಂದು ಹೆಸರಾದ ಹಲಗೆಗಳಲ್ಲಿ ಇದರ ವಿವರವಿದೆ. ಬಂದರಿಗೆ ಬರುವ ಪರದೇಶದ ವರ್ತಕನಿಗೆ ತನ್ನ ದೇವರು ಅಲ್ಲೇ ಇದ್ದರೆ ಎಷ್ಟು ಧೈರ್ಯ ಎಂಬುದನ್ನು ಬೇರೆ ಊರಲ್ಲಿ ಕನ್ನಡ ಸಂಘ ಕಟ್ಟಿಕೊಂಡಿರುವ ನಮಗೆ ಯಾರೂ ವಿವರಿಸಬೇಕಿಲ್ಲ. ಚೋಳರ ಕಾಲದಲ್ಲಿ ತಮಿಳುನಾಡಿನ ಊರೂರುಗಳಲ್ಲಿ ವ್ಯಾಪಾರ ಮಾಡಿದ ಐನ್ನೂಟ್ರುವರ್ ಎಂಬ ಸಂಘದ ಮೂಲ ನಮ್ಮ ಐಹೊಳೆ. ಅಯ್ಯಾವೊಳೆ ಐನೂರ್ವರು ಎಂದು ನಾವು ಓದಿದ್ದು ಇವರನ್ನೇ. 1088ರ ಒಂದು ತಮಿಳು ಶಾಸನ ಇದೇ ಐನೂರ್ವರ ಹೆಸರಿನಲ್ಲಿ ಸುಮಾತ್ರಾದ ಬಾರೂಸಿನಲ್ಲಿ ಸಿಕ್ಕಿದೆ. ರಾಜರು ಗಡಿಗಾಗಿ ಕಾದಾಡುತ್ತಿದ್ದಾಗ ವರ್ತಕರು ಒಂದೇ ಸಂಘದ ಹೆಸರಿನಲ್ಲಿ ಗಡಿಯ ಎರಡೂ ಕಡೆ ಅಂಗಡಿ ಇಟ್ಟಿದ್ದರು.

ಕೊನೆಗಾಲದಲ್ಲಿ ಅವನು ಚೀನಾದ ಸಾಂಗ್ ಚಕ್ರವರ್ತಿಗೆ ಮುತ್ತು ಮುಂತಾದ ಕಾಣಿಕೆಗಳೊಂದಿಗೆ ದೂತರನ್ನು ಕಳಿಸಿದ. ದಾರಿಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಳೆದು ಅವರು ಅಲ್ಲಿ ಮುಟ್ಟಿದ್ದು 1015ರಲ್ಲಿ. ಅಷ್ಟರಲ್ಲಿ ಇಲ್ಲಿ ರಾಜರಾಜ ಇರಲಿಲ್ಲ. 1014ರಲ್ಲೇ ಅವನ ಕಾಲ ಮುಗಿದಿತ್ತು. 1012ರಿಂದಲೇ ಜೊತೆಯಲ್ಲಿ ಆಳುತ್ತಿದ್ದ ಮಗ ರಾಜೇಂದ್ರ ಮುಂದೆ ತಂದೆಗಿಂತ ದೊಡ್ಡ ಹೆಸರು ಮಾಡಿದ. ತಂದೆ ಯಾರ ವಿಹಾರಕ್ಕೆ ಊರು ಬಿಟ್ಟುಕೊಟ್ಟಿದ್ದನೋ ಅದೇ ಶ್ರೀವಿಜಯದ ಮೇಲೆ 1025ರಲ್ಲಿ ಮಗ ಹಡಗುಗಳನ್ನು ನುಗ್ಗಿಸಿದ. ತಂದೆಯ ರಾಜಧಾನಿಯನ್ನೂ ಬಿಟ್ಟು ಗಂಗೈಕೊಂಡ ಚೋಳಪುರದಲ್ಲಿ ಹೊಸ ಗುಡಿ, ಹೊಸ ಪಟ್ಟಣ ಕಟ್ಟಿಸಿದ. ಕಾಲ ಕಳೆದಂತೆ ತಂಜಾವೂರಿನ ಗುಡಿ ಕಟ್ಟಿಸಿದವನು ಯಾರು ಎನ್ನುವುದೇ ಜನಕ್ಕೆ ಮರೆತು, ಬೇರೆ ಚೋಳರ ಕಥೆಗಳು ಹುಟ್ಟಿದವು. 19ನೆಯ ಶತಮಾನದ ಕೊನೆಗೆ ಹುಲ್ಟ್ಜ್ ಎಂಬ ಜರ್ಮನ್ ವಿದ್ವಾಂಸರು ಆ ಶಾಸನಗಳನ್ನು ಓದಿ ಅಚ್ಚು ಮಾಡಿಸಿದ ಮೇಲೆ ರಾಜರಾಜ ಮತ್ತೆ ತನ್ನ ಗುಡಿಗೆ ಯಜಮಾನನಾದ. ಅವನನ್ನು ಉಳಿಸಿದ್ದು ಕತ್ತಿಯಲ್ಲ, ಲೆಕ್ಕದ ಬರಹ.

ಹಾಗಾದರೆ ಅವನು ದೊಡ್ಡವನೋ, ಸುಲಿಗೆಗಾರನೋ? ಹಾಸ್ಟೆಲಿನ ಜಗಳಗಳು ಇಲ್ಲಿಗೇ ಬಂದು ನಿಲ್ಲುತ್ತವೆ. ತಮಿಳು ಗೆಳೆಯರು ಗುಡಿ ತೋರಿಸುತ್ತಾರೆ, ನಾವು ಹೊಟ್ಟೂರನ್ನು ತೋರಿಸುತ್ತೇವೆ. ನಮ್ಮ ಅರಸರು ತಮಿಳು ನಾಡಿಗೆ ನುಗ್ಗಿದಾಗ ಹೂ ಚೆಲ್ಲಿಕೊಂಡು ಹೋಗಿರಲಿಲ್ಲ ಅನ್ನುವುದನ್ನು ಮಾತ್ರ ಇಬ್ಬರೂ ಮರೆಯುತ್ತೇವೆ. ನಮಗೆ ಕ್ಲಾಸಿನಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಅಂತ ಒಂದು ಪಾಠವಿದೆ. ನಮ್ಮ ಕ್ಯಾಷ್ ಬುಕ್ಕಿನಲ್ಲಿ ಒಂದು ಮೊತ್ತ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಮೊತ್ತ ಇದ್ದರೆ, ಯಾವುದೋ ಒಂದನ್ನು ಹರಿದು ಹಾಕುವುದಿಲ್ಲ. ಎರಡನ್ನೂ ಎದುರುಬದುರು ಇಟ್ಟು, ಸಾಲು ಸಾಲಾಗಿ ತಾಳೆ ನೋಡುತ್ತೇವೆ. ಇತಿಹಾಸಕ್ಕೂ ಅಷ್ಟು ಮರ್ಯಾದೆ ಸಲ್ಲಬೇಕು. ತಂಜಾವೂರಿನ ಚಿನ್ನದ ಹೂವೂ ನಿಜ, ಹೊಟ್ಟೂರಿನ ಅಳುವೂ ನಿಜ. ಗಣಪತಿಯ ಬಾಳೆಹಣ್ಣೂ ನಿಜ, ಬಾಕಿದಾರನ ಹರಾಜಾದ ಗದ್ದೆಯೂ ನಿಜ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮಾತ್ರ ರಾಜರಾಜನ ಲೆಕ್ಕ ತಾಳೆಯಾಗುತ್ತದೆ.

ಮಿತ್ರರೇ, ಚೆನ್ನೈಯಿಂದ ತಂಜಾವೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ರಜೆಯಲ್ಲಿ ಹೋದರೆ ಕತ್ತೆತ್ತಿ ಶಿಖರ ನೋಡಿ, ನೋಡಲೇಬೇಕು. ಆಮೇಲೆ ಸ್ವಲ್ಪ ಬಗ್ಗಿ ಕೆಳಗಿನ ಕಲ್ಲುಗಳನ್ನೂ ನೋಡಿ. ತಮಿಳು ಓದಲು ಬಾರದಿದ್ದರೆ ಜೊತೆಯಲ್ಲಿ ಒಬ್ಬ ತಮಿಳು ಗೆಳೆಯನನ್ನು ಕರೆದುಕೊಂಡು ಹೋಗಿ. ಅವನು ಓದಲಿ, ನೀವು ಕೂಡಿಸಿ ಕಳೆಯಿರಿ.